ಬೆಂಕಿಗೆ ಜಾಗ ಹುಡುಕಿದವರು

ಆರ್ಕಿಟೆಕ್ಟ್ ಮೇಡಂ ಅವರ ಸೀರೆಯ ಹಿಂಬದಿಯಲ್ಲಿ ಯಾವಾಗಲೂ ಧೂಳಿನ ಗುರುತು ಇರುತ್ತಿತ್ತು. ಯಾವ ಹಳೆಯ ಕಟ್ಟಡಕ್ಕೆ ಹೋದರೂ ಮೊದಲು ಪ್ರತಿ ಕೋಣೆಯ ನೆಲದ ಮೇಲೆ ಒಂದಷ್ಟು ಹೊತ್ತು ಕೂರುತ್ತಿದ್ದರು. ಟೇಪು ಹಿಡಿದು ನಿಂತ ನನಗೆ, "ಕೂತ್ಕೊಳಿ ಸರ್. ನಿಂತು ನೋಡಿದ್ರೆ ಬರೀ ಗೋಡೆ ಕಾಣ್ಸುತ್ತೆ ಕಣ್ರೀ" ಎನ್ನುತ್ತಿದ್ದರು. ನಾನು ಕೂರುತ್ತಿರಲಿಲ್ಲ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತನಾದ ಮೇಲೂ ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಷರಟು ತೊಟ್ಟು ಸಿದ್ಧನಿರುವವನು ನಾನು.

ನಗರದಂಚಿನ ಕೆಸರೆ ಕಡೆಯ ಹಳೆಯ ಬಂಗಲೆಯೊಂದನ್ನು ಕಾಡಿನ ಹಾಡಿಗಳ ಆದಿವಾಸಿ ಜನರಿಗೆ ಸಭೆಯ ಮನೆಯಾಗಿ ಮಾಡಲು ಅವರು ನನ್ನನ್ನು ಜೊತೆಗೆ ಕರೆದರು. ಹಾಡಿಯ ಯಜಮಾನರು ಇನ್ನು ಕಚೇರಿಯ ಕಾರಿಡಾರಿನಲ್ಲಿ ನಿಲ್ಲಬಾರದು, ಅರಣ್ಯ ಅಧಿಕಾರಿಗಳನ್ನು ತಮ್ಮ ಮನೆಗೇ ಕರೆದು ಕೂರಿಸಿ ಮಾತಾಡಬೇಕು ಎಂಬುದು ಉದ್ದೇಶ. ಮೊದಲ ಮಾತುಕತೆಯೇ ದೊಡ್ಡದು: ಕಾಡಿನೊಳಗಿರುವ ಹಿರಿಯರ ಸಮಾಧಿಗಳಿಗೆ ಹೋಗಿಬರಲು ದಾರಿ.

ಮುಂದಿನ ಹಜಾರವನ್ನು ಸಭೆಗೆ ಗುರುತು ಹಾಕಿದೆ. ತೇಗದ ತೊಲೆ, ಬಣ್ಣದ ಗಾಜು; ಬೇರೆ ಯೋಚನೆಯೇ ಬರಲಿಲ್ಲ. ನೋಡಲು ಬಂದ ಹಿರಿಯ ಯಜಮಾನರೊಬ್ಬರು ಸುತ್ತ ಕಣ್ಣಾಡಿಸಿ, "ಬೆಂಕಿ ಎಲ್ಲವ್ವಾ?" ಎಂದು ಮೇಡಂ ಅವರನ್ನು ಕೇಳಿದರು. ಬೆಂಕಿ ಹಾಕಿ ಸುತ್ತ ಕೂರದೆ ಅವರಲ್ಲಿ ಮಾತು ಶುರುವಾಗುವುದಿಲ್ಲ. ಮರದ ಚಾವಣಿಯ ಕೆಳಗೆ ಬೆಂಕಿಯೇ! "ಆಗಲ್ಲ" ಎಂದೆ.

"ಅಂಗಾರೆ ಮಾತೂ ಆಗಾಕಿಲ್ಲ ಸ್ವಾಮಿ" ಎಂದು ಯಜಮಾನರು ಹೊರಟೇಬಿಟ್ಟರು.

ಮರುದಿನ ಮೇಡಂ ಹಿತ್ತಲ ಅಡುಗೆಮನೆಯ ನೆಲದ ಮೇಲೆ ಕೂತು, ತಲೆಯೆತ್ತಿ ಹೊಗೆಗೂಡನ್ನು ನೋಡುತ್ತಿದ್ದರು. "ಸರ್, ಈ ಮನೇಲಿ ಬೆಂಕಿಗೆ ಮೊದ್ಲಿಂದ್ಲೂ ಜಾಗ ಇದ್ಯಲ್ಲ!"

"ಅಧಿಕಾರಿಗಳನ್ನ ಅಡುಗೆಮನೆಗೆ ಕರೀತೀರಾ?"

"ನಿಮ್ಮನೆಗೆ ಬೇಕಾದೋರು ಬಂದ್ರೆ ಎಲ್ಲಿ ಕೂತು ಮಾತಾಡ್ತಾರೆ? ಆ ನಿಮ್ಮ ಸೋಫಾ ಮೇಲಾ?"

ಗೋಡೆಗೆ ಕೈ ಹಚ್ಚಲಿಲ್ಲ. ಹೊಗೆಗೂಡಿನ ನೇರ ಕೆಳಗೆ ನೆಲದ ಒಲೆ, ಸುತ್ತ ಗಿಡ್ಡ ಜಗಲಿ. ಹಿತ್ತಲ ಬಾಗಿಲೇ ತಲೆಬಾಗಿಲಾಯಿತು.

ಸಭೆಯ ದಿನ ಅಧಿಕಾರಿಗಳು ಅಭ್ಯಾಸದಂತೆ ಮುಂಬಾಗಿಲು ತಟ್ಟಿದರು. ಯಜಮಾನರು ಹಿಂದಿನಿಂದ ಸುತ್ತಿ ಬಂದು, "ಇತ್ಲಾಗ್ ಬನ್ನಿ ಸ್ವಾಮಿ, ಒಲೆ ಉರೀತೈತೆ" ಎಂದು ಕರೆದೊಯ್ದರು. ಬೂಟು ಕಳಚಿ ಕೂತ ಮೇಲೆ ಹಿರಿಯ ಅಧಿಕಾರಿಯ ದನಿಯೇ ಬೇರೆಯಾಯಿತು. ಸಂಜೆಯೊಳಗೆ ದಾರಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಸಿದ್ದು ಯಜಮಾನರ ಮಾತೋ, ಆ ಒಲೆಯೋ? ನನಗೆ ಈಗಲೂ ತಿಳಿಯದು.

ಮೇಡಂ ಹೋದ ವರ್ಷ ತೀರಿಕೊಂಡರು. ಹಾಡಿಗಳಿಂದ ಜನ ಬಂದು ಒಲೆ ಹೊತ್ತಿಸಿ ಸುತ್ತ ಕೂತರು. ನಾನೂ ನೆಲದ ಮೇಲೆ ಕೂತೆ. ಒಬ್ಬೊಬ್ಬರೂ ಒಲೆಗೆ ಒಂದೊಂದು ಕಟ್ಟಿಗೆ ಇಟ್ಟರು. ಏಳುವಾಗ ಯಜಮಾನರು, "ಪ್ಯಾಂಟಿನ್ ಇಂದ್ಗಡೆ ಧೂಳು ಮೆತ್ಕಂಡೈತೆ ಸ್ವಾಮಿ" ಎಂದರು.

ಒದರಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಹಾಗೆಯೇ ಸಿಟಿ ಬಸ್ಸು ಹತ್ತಿ ಮನೆಗೆ ಬಂದೆ.