ಪೆಟ್ಟಿಗೆ ಮುಚ್ಚಿದವಳ ಪ್ರಾರ್ಥನೆ

ಪಿಲ್ನಮ್ ಹುಟ್ಟಿದಾಗ, ಮುಂದಿನದಾದರೂ ಗಂಡಾಗಲಿ ಅಂತ ಅವಳಪ್ಪ 'ಗಂಡೇ ಬೇಕು' ಎಂಬರ್ಥದ ಆ ಹೆಸರಿಟ್ಟಿದ್ದ. ಮುಂದಿನದೂ ಹೆಣ್ಣೇ ಆಯಿತು. ಬೇಡಿದ್ದೆಲ್ಲ ಸಿಗುವುದಿಲ್ಲ ಅನ್ನುವುದು ಅವಳಿಗೆ ಹೊಸದೇನಲ್ಲ. ಆದರೂ ಕೊರಿಯಾದ ತೊಂಗ್ಯೊಂಗ್ ಬಂದರಿನ ಗುಡ್ಡದ ಮೇಲಿನ ಚರ್ಚಿಗೆ ಸೇರಿದಂದಿನಿಂದ ಬೇಡುವುದನ್ನು ಬಿಟ್ಟವಳಲ್ಲ. ಬೆಳಗಿನ ಜಾವದ ಪ್ರಾರ್ಥನೆ ಮುಗಿಸಿ ನೇರ ಕಡಲಚಿಪ್ಪು ಬಿಡಿಸುವ ಶೆಡ್ಡಿಗೆ ಹೋಗುವಳು. ಚಾಕು ತಾಗಿ ತಾಗಿ ಎಡಗೈ ತುಂಬ ಕಲೆ. ಗಂಡ ದಲ್ಹೋ ಹಾವುಮೀನಿನ ದೋಣಿಗೆ ಹೋಗುತ್ತಿದ್ದ.

ಹೋದ ಚಳಿಗಾಲದಲ್ಲಿ ಆ ದೋಣಿ ಮುಳುಗಿತು. ಅವತ್ತು ಗಾಳಿ ಎದ್ದಿತ್ತು. ಉಳಿದ ದೋಣಿಗಳನ್ನೆಲ್ಲ ದಕ್ಕೆಗೆ ಕಟ್ಟಿಹಾಕಿದ್ದರು. ಆ ದೋಣಿ ನಡೆಸುವ ತಂಡೇಲ ಮಾತ್ರ ತನ್ನವರನ್ನು ಕರೆದುಕೊಂಡು ಹೊರಟ. ಹೋದವರಲ್ಲಿ ಯಾರೂ ಉಳಿಯಲಿಲ್ಲ. ತಂಡೇಲನ ಹೆಣ ಸಿಕ್ಕಿತು. ದಲ್ಹೋನದು ಸಿಗಲಿಲ್ಲ.

ಅತ್ತೆ ಹಳೆಯ ಕ್ರಮ ಮಾಡಿಸಬೇಕೆಂದಳು. ಮಂತ್ರಗಾತಿಯನ್ನು ಕರೆಸಿ, ಅಕ್ಕಿ ತುಂಬಿದ ಬಟ್ಟಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕಡಲಿಗಿಳಿಸಿ, ನೀರಿನಲ್ಲಿ ಸಿಕ್ಕಿಕೊಂಡ ಜೀವವನ್ನು ಎತ್ತಿಕೊಳ್ಳುವುದು. ಚರ್ಚಿನವರು ಕೂಡದು ಎಂದರು. ಪಿಲ್ನಮ್ ಚರ್ಚಿನ ಮಾತು ಕೇಳಿದಳು.

"ನಿನ್ನ ಯೇಸು ನನ್ನ ಮಗನ್ನ ತಂದುಕೊಡ್ಲಿಲ್ಲ," ಎಂದಳು ಅತ್ತೆ. "ನಾನಾದ್ರೂ ತರ್ತೀನಿ ಅಂದ್ರೆ ಅಡ್ಡ ಬಂದೆ. ನೀನು ಹೆಂಡ್ತಿನೇನೇ?"

ಪಾದ್ರಿ ದಲ್ಹೋನ ಫೋಟೋ ಇಟ್ಟು ಪ್ರಾರ್ಥಿಸಿ ಅಂತ್ಯಕ್ರಿಯೆ ಮುಗಿಸಿದರು. ಅವತ್ತಿನಿಂದ ಪಿಲ್ನಮ್‌ಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಚರ್ಚಿಗೆ ಹೋಗುವಳು, ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುವಾಗ ಬಾಯಿ ಆಡಿಸುವಳು. ಮೂಲಂಗಿ, ಬೆಳ್ಳುಳ್ಳಿ, ಮೆಣಸಿನಪುಡಿ, ಉಪ್ಪು ಅಂತ ಕಿಮ್ಚಿ ಉಪ್ಪಿನಕಾಯಿಯ ಸಾಮಾನು ಹೇಳಿಕೊಳ್ಳುವಳು. ಆ ಗದ್ದಲದಲ್ಲಿ ಯಾರಿಗೆ ಗೊತ್ತಾಗಬೇಕು?

ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ಬಂತು, ಬೆಟ್ಟದ ಬುಡದ ಪ್ರಾರ್ಥನಾ ಮನೆಯಲ್ಲಿ. ಪ್ರತಿ ವರ್ಷ ಅವಳದು ಅಡುಗೆ ಕೆಲಸ. ಈ ಸಲ ಹೆಣ್ಣುಮಕ್ಕಳ ಗುಂಪಿನ ಟೀಚರಿಗೆ ಹೆರಿಗೆ ಹತ್ತಿರ ಬಂದಿತ್ತು. "ನೀವೇ ಗುಂಪು ನೋಡ್ಕೊಳ್ಳಿ," ಎಂದರು ಪಾದ್ರಿಯ ಹೆಂಡತಿ. ಒಲ್ಲೆ ಅನ್ನಬೇಕಾದರೆ ಕಾರಣ ಹೇಳಬೇಕು. ಪಿಲ್ನಮ್ ಹೂಂ ಎಂದಳು. ಇದೇ ಕೊನೆ, ಮುಗಿಸಿ ಬಂದು ಚರ್ಚು ಬಿಡುವುದು, ಅತ್ತೆಯ ಬಟ್ಟಲನ್ನು ಕಡಲಿಗೆ ಇಳಿಸುವುದು ಎಂದು ನಿರ್ಧರಿಸಿಕೊಂಡೇ ಬಸ್ಸು ಹತ್ತಿದಳು.

"ಏನೇ, ಸೌಟು ಬಿಟ್ಟು ಬೈಬಲ್ ಹಿಡಿದ್ಯಾ?" ಎಂದಳು ಅಡುಗೆಮನೆಯ ಮಲ್ಸುನ್. "ಇನ್ನು ನಾವು ನಿನ್ನನ್ನ ತಲೆ ಬಗ್ಗಿಸಿ ಮಾತಾಡಿಸ್ಬೇಕೇನೋ."

"ಸಾರು ಉಕ್ತಿದೆ, ಅದನ್ನ ನೋಡು ಮೊದ್ಲು," ಎಂದಳು ಪಿಲ್ನಮ್.

ಗುಂಪಿನಲ್ಲಿ ದಾಸೊಮ್ ಇದ್ದಳು. ಆ ತಂಡೇಲನ ಮಗಳು, ಹದಿನಾಲ್ಕು ವರ್ಷದವಳು. ಅವಳ ತಾಯಿ ಎದುರಿಗೆ ಸಿಕ್ಕರೆ ಪಿಲ್ನಮ್ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಆ ಮನೆಯನ್ನು ಶಪಿಸಿದ್ದಳು, ಶೆಡ್ಡಿನಲ್ಲಿ, ಹತ್ತು ಜನರ ಮುಂದೆ. ಈಗ ಅದೇ ಹುಡುಗಿಗೆ ಅನ್ನ ಬಡಿಸಬೇಕಾಯಿತು. ಬಡಿಸಿದಳು. ಮುಖ ನೋಡಲಿಲ್ಲ. ಹುಡುಗಿ ತಿನ್ನಲೂ ಇಲ್ಲ.

ಶಿಬಿರ ನಡೆಸಲು ಬಂದ ಕಿರಿಯ ಪಾದ್ರಿ ಕ್ಯುಸಂಗ್, ರಾಜಧಾನಿ ಸೋಲ್‌ನವನು. ಒಳ್ಳೆಯವನೇ. ಕಡಲಿನ ಊರು ಗೊತ್ತಿರಲಿಲ್ಲ. ಅಲ್ಲಿನ ಶಿಬಿರಗಳಲ್ಲಿ ಮಾಡಿಸುವ ಶವಪೆಟ್ಟಿಗೆಯ ಪಾಠವನ್ನು ಇಲ್ಲಿಗೂ ತಂದ. ಮಗು ಪೆಟ್ಟಿಗೆಯಲ್ಲಿ ಮಲಗಬೇಕು. ಟೀಚರ್ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು, ಆ ಮಗುವಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಮಗು ಒಳಗಿಂದ ಬಡಿದಾಗ ತೆಗೆಯಬೇಕು. ಸತ್ತು ಹೊಸದಾಗಿ ಹುಟ್ಟಿದ ಹಾಗೆ.

ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಗುಂಪಿಗೊಂದು ಪೆಟ್ಟಿಗೆ, ತಲೆಯ ಕಡೆ ಗಾಳಿಗೆ ತೂತು. ಹಸಿ ಮರದ ವಾಸನೆ ಮೂಗಿಗೆ ಬಡಿಯಿತು. ಗಂಡನಿಗೆ ಇಂಥದೊಂದು ಸಿಗಲಿಲ್ಲವಲ್ಲ ಅಂತ ಪಿಲ್ನಮ್‌ಗೆ ಹೊಟ್ಟೆ ಉರಿಯಿತು.

"ಟೀಚರ್, ಒಳಗೆ ಸಿಗ್ನಲ್ ಬರತ್ತಾ?" ಎಂದಳು ಒಬ್ಬಳು. ಉಳಿದವರು ಕಿಸಕ್ಕೆಂದರು. ಮಲಗಿ ಎದ್ದವರು ನಗಲಿಲ್ಲ, ಕೆಲವರು ಅತ್ತರು. ಪಿಲ್ನಮ್ ಪ್ರತಿಯೊಬ್ಬರಿಗೂ ಕೈಯಿಟ್ಟು ಮೂಲಂಗಿ, ಬೆಳ್ಳುಳ್ಳಿ ಎಂದಳು. ಸುತ್ತಲಿನ ಕೂಗಾಟದಲ್ಲಿ ನಡೆದುಹೋಯಿತು.

ಕೊನೆಗೆ ದಾಸೊಮ್. ತಾನೇ ಬಂದು ಮಲಗಿದಳು. "ಮುಚ್ಚಿ," ಎಂದಳು.

ಪಿಲ್ನಮ್ ಮುಚ್ಚಿದಳು. ಕೈಯಿಟ್ಟಳು. ಒಂದೊಂದೇ ಗುಂಪು ಮುಗಿಸಿ ಹೊರಗೆ ಹೋಯಿತು. ಕೂಗಾಟ ತಗ್ಗಿತು. ಹುಡುಗಿ ಬಡಿಯಲಿಲ್ಲ. ಪಿಲ್ನಮ್ ತೂತಿನ ಹತ್ತಿರ ಬಗ್ಗಿದಳು.

"ಏ, ಸಾಕು. ಬಡಿ."

"ತೆಗೀಬೇಡಿ ಟೀಚರ್. ಇಲ್ಲೇ ಚೆನ್ನಾಗಿದೆ."

"ಚೆನ್ನಾಗಿರಕ್ಕೆ ಅದೇನು ಹಾಸಿಗೆನಾ?"

"ನಮ್ಮಪ್ಪನ್ನೂ ಹಿಂಗೇ ಮಲಗಿಸಿದ್ರು. ನಿಮ್ಮೆಲ್ಲರ ಮನೆಯವರನ್ನ ಕೊಂದವರು ಅವರು ಅಂತಾರೆ. ನಾನೂ ಒಳಗೇ ಇದ್ದುಬಿಟ್ರೆ ನಿಮಗೆಲ್ಲ ಸಮಾಧಾನ ಆಗತ್ತೆ."

ಹುಡುಗಿಯ ದನಿಯಲ್ಲಿ ಅಳುವಿರಲಿಲ್ಲ. ಯೋಚಿಸಿ ಮುಗಿಸಿದವರ ದನಿ ಅದು.

"ಹಾಗಂತ ಯಾರಂದ್ರು?"

"ನೀವೇ ಅಂದ್ರಂತೆ. ನಮ್ಮನೆ ಬೇರುಸಮೇತ ಹಾಳಾಗ್ಲಿ ಅಂತ."

"ಅಂದೆ," ಎಂದಳು ಪಿಲ್ನಮ್. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಿಟ್ಟು ಈಗ್ಲೂ ಇದೆ. ಆದ್ರೆ ನಿನ್ನ ಮೇಲಲ್ಲ ಕಣೇ."

ಪಿಲ್ನಮ್ ಕೈ ಮುಚ್ಚಳದ ಮೇಲೇ ಇತ್ತು. ಬಾಯಿ ತಾನಾಗಿ ತೆರೆಯಿತು.

"ಸ್ವಾಮಿ, ನನ್ನ ಗಂಡನ್ನ ನುಂಗಿದೆ. ಒಂದು ಮೂಳೆ ಕೊಡ್ಲಿಲ್ಲ. ನಾನು ಒಳ್ಳೆಯವಳ ಹಾಗೆ ಸುಮ್ಮನೆ ಕೂತೆ. ನಿನಗೆ ನಾಚಿಕೆ ಆಗ್ಲಿಲ್ವಾ? ಈಗ ಈ ಕೂಸನ್ನೂ ಕೇಳ್ತಿದ್ಯಾ? ಕೊಡಲ್ಲ. ನಾನು ಶಾಪ ಹಾಕಿದ್ದು ನಿಜ. ಅದನ್ನ ವಾಪಸ್ ತಗೋ, ನನ್ನ ತಲೆ ಮೇಲೆ ಹಾಕು. ಇವಳು ಬದುಕ್ಬೇಕು. ಕೇಳಿಸ್ತಾ? ಬದುಕ್ಬೇಕು!"

ಗಂಟಲು ಹರಿಯುವ ಹಾಗೆ ಕೂಗಿದಳು. ಬಾಗಿಲಲ್ಲಿದ್ದವರು ತಿರುಗಿ ನೋಡಿದರು. ಹುಡುಗಿ ಬಡಿಯುವುದನ್ನು ಕಾಯದೆ ಪಿಲ್ನಮ್ ಮುಚ್ಚಳ ಎತ್ತಿ ಪಕ್ಕಕ್ಕೆಸೆದಳು.

"ಯಾಕೆ ತೆಗೆದ್ರಿ?" ಎಂದಳು ದಾಸೊಮ್. ಕಣ್ಣು ಕೆಂಪಗಾಗಿತ್ತು.

"ನನಗೆ ಕೈ ನೋಯ್ತಿತ್ತು. ಏಳು."

ಹುಡುಗಿ ಏಳಲಿಲ್ಲ. ಪಿಲ್ನಮ್ ಅವಳ ಕಂಕುಳಿಗೆ ಕೈ ಹಾಕಿ, ಬಲೆಯಿಂದ ಮೀನೆತ್ತುವ ಹಾಗೆ ಎತ್ತಿದಳು. ಎಷ್ಟು ಹಗುರ ಆಗಿದ್ದಳೆಂದರೆ ಪಿಲ್ನಮ್‌ಗೆ ಅಲ್ಲೇ ಅಳು ಬಂತು. ಇಬ್ಬರೂ ನೆಲದ ಮೇಲೆ ಕೂತು ಅತ್ತರು.

ಕ್ಯುಸಂಗ್ ಮೆಲ್ಲಗೆ ಬಂದು, "ಅಮ್ಮಾವ್ರೇ, ದೇವರ ಕೃಪೆ ಸಿಕ್ತಾ?" ಎಂದ.

"ಆ ಹಾಳು ಪೆಟ್ಟಿಗೆಗಳನ್ನ ಮೊದ್ಲು ಹೊರಗೆ ಹಾಕು ಮಾರಾಯ. ಇನ್ನೊಂದು ಸಲ ನಮ್ಮ ಮಕ್ಕಳ ಮುಂದೆ ತಂದ್ರೆ ನಿನ್ನನ್ನೇ ಅದ್ರಲ್ಲಿ ಹಾಕಿ ಮೊಳೆ ಹೊಡೀತೀನಿ," ಎಂದಳು ಪಿಲ್ನಮ್. ಅವನ ಮುಖ ಬಿಳಚಿಕೊಂಡಿತು. ತಲೆ ಬಗ್ಗಿಸಿ, ಒಬ್ಬನೇ ಪೆಟ್ಟಿಗೆ ಹೊರತೊಡಗಿದ.

ಶಿಬಿರ ಮುಗಿಯುವವರೆಗೂ ಅವಳು ಹುಡುಗಿಯ ಪಕ್ಕದಿಂದ ಕದಲಲಿಲ್ಲ. ಊರಿಗೆ ಬಂದಾಗ ಮನೆಗೆ ಹೋಗದೆ ದಾಸೊಮ್ ಜೊತೆ ತಂಡೇಲನ ಮನೆ ಬಾಗಿಲಿಗೆ ಹೋದಳು. ಹುಡುಗಿಯ ತಾಯಿ ಅವಳನ್ನು ಕಂಡು ಹೊಸ್ತಿಲಲ್ಲೇ ಮಂಡಿಯೂರಿದಳು. "ಅಕ್ಕಾ, ತಪ್ಪಾಯ್ತು, ಅವರು ಮಾಡಿದ್ದು..."

"ಏಳು. ಅದನ್ನ ಮಾತಾಡಕ್ಕೆ ಬಂದಿಲ್ಲ ನಾನು. ನಿನ್ನ ಮಗಳಿಗೆ ಸಾಯೋ ಯೋಚನೆ ಬಂದಿದೆ. ಒಬ್ಬಳೇ ಮಲಗಿಸ್ಬೇಡ. ನಾಳೆ ಮೂರೂ ಜನ ಡಾಕ್ಟರ ಹತ್ರ ಹೋಗೋಣ. ಈಗ ಅನ್ನಕ್ಕಿಡು."

ಚರ್ಚು ಬಿಡಲಿಲ್ಲ ಅವಳು. ಅತ್ತೆಯನ್ನೂ ತಡೆಯಲಿಲ್ಲ. ಬಟ್ಟಲು ಕಡಲಿಗಿಳಿದ ದಿನ ಮುದುಕಿಯ ತೋಳು ಹಿಡಿದು ದಕ್ಕೆಯಲ್ಲಿ ನಿಂತಳು. ಚರ್ಚಿನಲ್ಲಿ ಮಾತಾಡಿಕೊಂಡರು. ಆಡಿಕೊಳ್ಳಲಿ ಅಂತ ಬಿಟ್ಟಳು. ದಲ್ಹೋ ಇನ್ನೂ ನೀರಿನಲ್ಲೇ ಇದ್ದಾನೆ. ಬೆಳಗಿನ ಜಾವ ಚರ್ಚಿಗೆ ಹೋಗಿ ಪಿಲ್ನಮ್ ದಾಸೊಮ್ ಹೆಸರು ಹೇಳಿ ಬೇಡುತ್ತಾಳೆ, ಆಮೇಲೆ ಗಂಡನ ವಿಷಯಕ್ಕೆ ದೇವರ ಜೊತೆ ಜಗಳ ತೆಗೆಯುತ್ತಾಳೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಾರೆ.