ಪಾಮನಕಲ್ಲೂರಿಗೆ ಹುಡುಗಿ ನೋಡಲು ಹೋದದ್ದು

ಬೆಳಿಗ್ಗೆ ಎಂಟಕ್ಕೆ ಲಿಂಗಸುಗೂರಿನಲ್ಲಿ ಸಿಂಧನೂರಿನ ಬಸ್ಸು ಹತ್ತಿದೆವು. ಆಧಾರ್ ಕಾರ್ಡು ತೋರಿಸಿದ ನನಗೆ ಕಂಡಕ್ಟರ್ ಸೊನ್ನೆ ಟಿಕೆಟು ಕೊಟ್ಟ. ಪಕ್ಕದಲ್ಲಿದ್ದ ಮಿಹೋಳಿಂದ ಮಸ್ಕಿಯವರೆಗಿನ ಪೂರ್ತಿ ದುಡ್ಡು ತೆಗೆದುಕೊಂಡ. "ನಾನೂ ಹೆಣ್ಣೇ ಅಲ್ಲವೇ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಹೆಣ್ಣಾದ್ರ ಸಾಲದ್ರೀ, ಕರ್ನಾಟಕದ ಹೆಣ್ಣಾಗಬೇಕು," ಎಂದು ಅವನು ಮುಂದಿನ ಸೀಟಿಗೆ ಹೋದ.

ಮಿಹೋ ಜಪಾನಿನ ಸಣ್ಣ ಊರೊಂದರ ಪುರಸಭೆಯ ಸದಸ್ಯೆ, ಇಪ್ಪತ್ತೇಳರ ಹುಡುಗಿ. ಮೇಷ್ಟ್ರಗಿರಿಯಿಂದ ನಿವೃತ್ತಳಾದ ಮೇಲೆ ನಾನು ಸೇರಿಕೊಂಡ ಸ್ನೇಹ ಬಳಗ ವರ್ಷಕ್ಕೊಮ್ಮೆ ಅಲ್ಲಿಯ ಇಬ್ಬರು ಯುವ ಮುಂದಾಳುಗಳನ್ನು ಕರೆಸಿಕೊಳ್ಳುತ್ತದೆ, ಇಲ್ಲಿಯ ಇಬ್ಬರನ್ನು ಅಲ್ಲಿಗೆ ಕಳಿಸುತ್ತದೆ. ಎರಡು ದೇಶದ ಮಕ್ಕಳು ಒಬ್ಬರ ಮನೆಯಲ್ಲೊಬ್ಬರು ಉಂಡು ಮಲಗಿದರೆ ಸ್ನೇಹ ತಾನಾಗಿ ಬೆಳೆಯುತ್ತದೆ ಎಂಬುದು ನಮ್ಮ ನಂಬಿಕೆ. ಈ ಸಲ ಇಲ್ಲಿಂದ ಹೋಗುವವರಲ್ಲಿ ಒಂದು ಜಾಗ ಉಳಿದಿತ್ತು. ಅದಕ್ಕೆ ಅರ್ಜಿ ಹಾಕಿದ್ದವಳು ಪಾಮನಕಲ್ಲೂರಿನ ರೇಣುಕಾ, ಇಪ್ಪತ್ನಾಲ್ಕು ವರ್ಷದ ಪಂಚಾಯ್ತಿ ಮೆಂಬರು. ಅರ್ಜಿಯ ಕೊನೆಗೆ, "ಅಪ್ಪಗ ಇನ್ನೂ ಹೇಳಿಲ್ಲ. ನೀವ ಬಂದು ಕೇಳ್ರಿ," ಎಂದು ಬರೆದಿದ್ದಳು. ಸಂಜೆ ಸಿಂಧನೂರಿನಲ್ಲಿ ಬಳಗದ ಸಭೆ. ಅಷ್ಟರೊಳಗೆ ಅಪ್ಪ ಹೂಂ ಅನ್ನದಿದ್ದರೆ ಆ ಜಾಗ ಬೇರೆಯವರ ಪಾಲು.

ಇಂಥ ಮಾತನ್ನು ಎದುರು ಕೂತೇ ಆಡಬೇಕೆಂದು, ಅವಳಪ್ಪ ಅಮರಪ್ಪನವರಿಗೆ ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ: "ಶುಕ್ರವಾರ ಜಪಾನಿನವರನ್ನ ಕರಕೊಂಡು ನಿಮ್ಮ ಹುಡುಗೀನ ನೋಡಾಕ ಬರ್ತೀವ್ರಿ." ಅವರು, "ಭಾಳ ಸಂತೋಷ, ಬರ್ರಿ ಬರ್ರಿ," ಅಂದಿದ್ದರು.

ಮಸ್ಕಿಯಲ್ಲಿ ಇಳಿದು ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ತಿಂದೆವು. ಮಿಹೋಳ ಕಣ್ಣಲ್ಲಿ ನೀರು ಬಂತು. ಆದರೂ "ಚಲೋ ಐತಿ" ಎಂದು ಇನ್ನೊಂದು ತೆಗೆದುಕೊಂಡಳು. ಗಟ್ಟಿ ಹುಡುಗಿ. ಅಲ್ಲಿಂದ ಪಾಮನಕಲ್ಲೂರಿನ ಬಸ್ಸು. ಎರಡೂ ಬದಿ ಕರಿಮಣ್ಣಿನ ಹೊಲ, ಕೊಯ್ದು ಒಟ್ಟಿದ ತೊಗರಿ, ಕಿಟಕಿಯಿಂದ ತಣ್ಣನೆ ಗಾಳಿ. ನನಗೆ ಬಹಳ ಹಿತವಾಗಿತ್ತು.

ಅಮರಪ್ಪನವರ ಅಂಗಳಕ್ಕೆ ಕಾಲಿಟ್ಟಾಗ ಹಿತವೆಲ್ಲ ಇಳಿಯಿತು. ದೊಡ್ಡ ರಂಗೋಲಿ, ಪಡಸಾಲೆಯಲ್ಲಿ ಹೊಸ ಜಮಖಾನೆ, ಅದರ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಏಳೆಂಟು ಬಂಧುಗಳು. ಅಮರಪ್ಪನವರ ಅಕ್ಕ ಹನುಮವ್ವ ಮಿಹೋಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: "ಇವರು ಗಂಡಿನ ಅಕ್ಕಾರೇನ್ರಿ? ಗಂಡು ಬರಲಿಲ್ಲೇನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷ ಈ ಸೀಮೆಯಲ್ಲಿ ಕನ್ನಡ ಕಲಿಸಿದವಳು, "ಹುಡುಗಿ ನೋಡಾಕ ಬರ್ತೀವಿ" ಅಂದರೆ ಇಲ್ಲಿ ಏನರ್ಥ ಎಂದು ಮರೆತಿದ್ದೆ! ಅಷ್ಟರಲ್ಲಿ ರೇಣುಕಾ ರೇಷ್ಮೆ ಸೀರೆಯುಟ್ಟು, ತಲೆತುಂಬ ಹೂ ಮುಡಿದು ಚಹಾದ ತಟ್ಟೆ ತಂದಳು. ಬಗ್ಗಿ ಕಪ್ಪು ಕೊಡುತ್ತ, "ಫೋನಿನಾಗ ಏನಂದ್ರಿ ಮೇಡಂ ನೀವು?" ಎಂದು ಹಲ್ಲು ಕಚ್ಚಿ ಕೇಳಿದಳು.

ನಾನು ಎಲ್ಲರಿಗೂ ಕೈಮುಗಿದು ತಪ್ಪೊಪ್ಪಿಕೊಂಡೆ. ಅರ್ಜಿಯ ವಿಷಯ, ಮೂರು ವಾರದ ಪ್ರವಾಸ, ಖರ್ಚೆಲ್ಲ ಬಳಗದ್ದೇ ಎಂಬುದು, ಎಲ್ಲ ಹೇಳಿದೆ. "ಅಂದ್ರ ಗಂಡೇ ಇಲ್ಲೇನು?" ಎಂದರು ಹನುಮವ್ವ. ಯಾರೋ ನಕ್ಕರು. ಅಮರಪ್ಪ ನಗಲಿಲ್ಲ.

"ನನಗ ಹೇಳಲಿಲ್ಲಲ್ಲವ್ವ ನೀ," ಎಂದರು ಮಗಳಿಗೆ.

"ಹೇಳಿದ್ರ ಬ್ಯಾಡ ಅಂತಿದ್ದಿ."

"ಹೌದು, ಅಂತಿದ್ದೆ."

ಹನುಮವ್ವನೇ ನಡುವೆ ಬಾಯಿ ಹಾಕಿ, "ಉಪ್ಪಿಟ್ಟು ಆರಾಕತ್ತೈತಿ, ತಿನ್ರಿ ಮೊದಲು. ನೋಡಾಕ ಅಂತ ಬಂದೀರಿ, ಏನು ಕೇಳೋದೈತಿ ಹುಡುಗೀನ ಕೇಳ್ರಿ," ಎಂದರು. ಪಂಚಾಯ್ತಿಯಲ್ಲಿ ನೀನು ಮಾಡಿದ ಮೊದಲ ಕೆಲಸ ಯಾವುದು ಎಂದು ಮಿಹೋ ಕೇಳಿದಳು. ನಾನು ಅನುವಾದಿಸಿದೆ.

"ಹೆಣ್ಣು ಮೆಂಬರಗಳ ಕುರ್ಚಿ ಮ್ಯಾಲ ಅವರ ಗಂಡಂದಿರು ಕುಂದರ್ತಿದ್ರು," ಎಂದಳು ರೇಣುಕಾ. "ಎಲ್ಲಾರನ್ನೂ ಎಬ್ಬಿಸಿದೆ. ನಮ್ಮ ಮಾವನ್ನೂ."

ಜಮಖಾನೆಯ ಮೂಲೆಯಲ್ಲಿದ್ದ ಮಾವ ಉಪ್ಪಿಟ್ಟಿನ ತಟ್ಟೆಗೆ ಮುಖ ಇಳಿಸಿದ. ಮಿಹೋ ಬಿದ್ದು ಬಿದ್ದು ನಕ್ಕಳು. ತನ್ನೂರಿನ ಸಭೆಯಲ್ಲಿ ತಾನೊಬ್ಬಳೇ ಹೆಣ್ಣೆಂದೂ, ಮೊದಲ ದಿನ ಚಹಾ ತರುವವಳೆಂದು ತಿಳಿದು ತನ್ನನ್ನೇ ಚಹಾ ಕೇಳಿದರೆಂದೂ ಹೇಳಿದಳು. ತಟ್ಟೆ ಹಿಡಿದೇ ನಿಂತಿದ್ದ ರೇಣುಕಾ ಅದನ್ನು ಕೆಳಗಿಟ್ಟು ಅವಳ ಪಕ್ಕ ಕೂತಳು. ಅರ್ಧ ಗಂಟೆ ಇಬ್ಬರಿಗೂ ನನ್ನ ಬಾಯಿ ಸಾಲದಾಯಿತು.

ಏಳುವ ಹೊತ್ತಾಯಿತು. ಸಭೆಗೆ ಮುಂಚೆ ಯಾರಿಗೂ ಮಾತು ಕೊಡಬಾರದೆಂದು ನಮ್ಮ ಬಳಗದ ನಿಯಮ. ಅದಕ್ಕೇ, "ಹೋಗಿ ತಿಳಸ್ತೀವ್ರಿ," ಎಂದೆ. ರೇಣುಕಾಳ ಮುಖ ಬಾಡಿತು.

"ಈ ಮಾತು ಮೂರು ಸಲ ಕೇಳೀನ್ರಿ ಮೇಡಂ," ಎಂದರು ಅಮರಪ್ಪ. "ಮೂರು ಕಡಿ ಗಂಡಿನವರು ಬಂದ್ರು, ಹಿಂಗ ಅಂದು ಹೋದ್ರು. ಯಾರೂ ತಿಳಸಲಿಲ್ಲ. ಮೆಂಬರಕಿ, ಬಾಯಿ ಜೋರು ಅಂತ ಹೊರಗ ಆಡಿಕೊಂಡ್ರು. ಬ್ಯಾಡಾದ್ರ ಇಲ್ಲೇ ಅಂದುಬಿಡ್ರಿ."

ಅವರ ಮಾತಿನ ಅರ್ಥವನ್ನು ಮಿಹೋಗೆ ಹೇಳಿದೆ. ಅವಳು ನನ್ನಿಂದ ಎರಡು ಪದ ಕೇಳಿ ಕಲಿತು, ಅಮರಪ್ಪನವರ ಮುಂದೆ ನಡು ಬಗ್ಗಿಸಿ, "ಒಪ್ಪಿಗಿ ಐತಿ," ಎಂದಳು. ನಿಯಮ ಮುರಿದದ್ದಕ್ಕೆ ಸಭೆಯಲ್ಲಿ ಬೈಸಿಕೊಳ್ಳಲು ನಾನು ಅಲ್ಲೇ ಸಿದ್ಧಳಾದೆ. "ನಮ್ಮ ಬಳಗದ್ದೂ ಒಪ್ಪಿಗಿ ಐತ್ರಿ. ಈಗ ನೀವು ಹೇಳಬೇಕು," ಎಂದೆ.

ಅಮರಪ್ಪ ಮಗಳ ಕಡೆ ತಿರುಗಿ, "ನಿನಗ?" ಎಂದರು.

"ನನಗೂ ಒಪ್ಪಿಗಿ ಐತಪ್ಪ."

ಅವರು ಟವೆಲ್ಲು ಹೆಗಲಿಗೆ ಹಾಕಿ ನಮ್ಮನ್ನು ಬಸ್ಸಿಗೆ ಬಿಡಲು ಹೊರಟರು. ದಾರಿಯುದ್ದಕ್ಕೂ ತೊಗರಿಯ ದರದ ಮಾತಾಡಿದರು, ಹೂಂ ಎಂದು ಮಾತ್ರ ಅನ್ನಲಿಲ್ಲ. ಬಸ್ಸು ಬಂತು, ಹತ್ತಿ ಕಿಟಕಿ ಪಕ್ಕ ಕೂತೆವು. ಸಭೆಯಲ್ಲಿ ಏನು ಹೇಳುವುದೆಂದು ನನಗೆ ಇನ್ನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಚಹಾದಂಗಡಿಯವನು ಕೂಗಿ ಕೇಳಿದ: "ಏನಾತೋ ಅಮರಪ್ಪಾ, ಒಪ್ಪಿದ್ರೇನು?"

"ಒಪ್ಪಿದ್ರು."

"ಗಂಡು ಏನು ಮಾಡ್ತಾನ?"

ಬಸ್ಸು ಹೊರಟಿತ್ತು. ನಾನು ಕಿಟಕಿಯಿಂದ ಕತ್ತು ಹೊರಹಾಕಿ ತಿರುಗಿ ನೋಡಿದೆ. ಅಮರಪ್ಪ ಅಂಗಡಿ ಮುಂದಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು:

"ಗಂಡು ಎಲ್ಲಿದ್ದಾನೋ ತಮ್ಮಾ! ಜಪಾನಿಗೆ ನನ್ನ ಮಗಳೇ ಹೊಂಟಾಳ."