ಎರಡು ಸಲ ನಡೆಸಿ ನೋಡಿದ ಸಂಗೀತ

ಎತ್ತು ಕೊಳ್ಳುವಾಗ ಎರಡು ಸಲ ನಡೆಸಿ ನೋಡಬೇಕು. ಮೊದಲ ಸಲ ಮಾರುವವನು ಹೇಗೋ ಕುಂಟು ಮುಚ್ಚಿಬಿಡುತ್ತಾನೆ. ಎರಡನೆಯ ಸಲ ಕಾಲು ನಿಜ ಹೇಳುತ್ತದೆ. ದನದ ಸಂತೆಗಳಲ್ಲಿ ದಲ್ಲಾಳಿಯಾಗಿ ಬದುಕು ಕಟ್ಟಿಕೊಂಡ ನನಗೆ ಜಮೀನು ಕೊಡಿಸಿದ್ದೇ ಈ ಮಾತು. ಅದು ಸಂಗೀತಕ್ಕೂ ಹೊಂದುತ್ತದೆಂದು ತಿಳಿದದ್ದು ಹೋದ ವರ್ಷ, ಹುಣಸೂರಿನ ಪಕ್ಕದ ನನ್ನದೇ ಬ್ಯಾರನ್ನಿನಲ್ಲಿ.

ಹೊಗೆಸೊಪ್ಪು ಹದಮಾಡುತ್ತಿದ್ದ ಆ ಎತ್ತರದ ಕಟ್ಟಡ ಖಾಲಿ ಬಿದ್ದು ಕೆಲವು ವರ್ಷಗಳಾಗಿದ್ದವು. ಕೊಪ್ಪದ ಹಳೇ ಮರದ ವ್ಯಾಪಾರಿಯೊಬ್ಬ ಅದನ್ನು ಕೆಡವಿ ತೊಲೆ, ಹೆಂಚು ಒಯ್ಯುತ್ತೇನೆಂದು ಬೆನ್ನುಬಿದ್ದಿದ್ದ. ಡ್ರಾಯಿಂಗ್ ಟೀಚರ್ ಆಗಿರುವ ನನ್ನ ಮಗಳು ಬೇಡವೆಂದಳು. ಸುತ್ತಲಿನವರು ಬರೆದ ಚಿತ್ರಗಳಿಗೆ ಅದೊಂದು ನೆಲೆಯಾಗಲಿ ಎಂಬುದು ಅವಳ ಆಸೆ. ಒಂದು ಸಂಜೆ ಬಂದು ನೋಡು, ಆಮೇಲೆ ಕೆಡವುವುದಾದರೆ ಕೆಡವು ಎಂದಳು. ಅವಳು ಕರೆದ ಸಂಜೆಯ ಮರುದಿನ ಬೆಳಿಗ್ಗೆಯೇ ವ್ಯಾಪಾರಿಗೆ ಉತ್ತರ ಹೇಳಬೇಕಿತ್ತು.

ಆ ಸಂಜೆ ಮಗಳು ಮತ್ತವಳ ಜೊತೆಯವರು ಮೂರು ಕಡೆ ಚಿತ್ರಗಳನ್ನು ಹಾಕಿದ್ದರು. ನಾನು ನೇರ ಬ್ಯಾರನ್ನಿಗೆ ಹೋಗಲಿಲ್ಲ. ಮಗಳೇ ಆದರೂ ಮಾರುವವಳ ಮಾತು ಮಾರುವವಳದೇ. ಬಿಳಿಕೆರೆಯ ಹಳೇ ಅಕ್ಕಿ ಗಿರಣಿಯಲ್ಲಿ ಹತ್ತು ಹನ್ನೆರಡು ಜನ. ಅರ್ಧ ಜನ ಚಿತ್ರ ಬರೆದವರ ಮನೆಯವರೇ. ಹುಣಸೂರಿನ ಮುಚ್ಚಿದ ಅಂಗಡಿಯೊಂದರಲ್ಲಿ ಯಾವ ಚಿತ್ರಕ್ಕೂ ಬೆಲೆ ಬರೆದಿರಲಿಲ್ಲ. ಬೆಲೆ ಹೇಳದ ಸರಕಿನ ಮುಂದೆ ಜೇಬಿನ ಮೇಲೊಂದು ಕೈ ಇರಲಿ, ನಿಮಗೂ ಹೇಳುತ್ತಿದ್ದೇನೆ. ಒಂದೆರಡನ್ನು ತಿರುಗಿಸಿ ಹಿಂಬದಿ ನೋಡಿದೆ. ಚೌಕಟ್ಟಿಗೆ ಹೊಡೆದದ್ದು ಸಿಲ್ವರ್ ಓಕ್ ಮರ. ಪರವಾಗಿಲ್ಲ.

ಬ್ಯಾರನ್ನಿನೊಳಗೆ ಒಂದು ಚಿತ್ರದ ಮುಂದೆ ನಿಂತುಬಿಟ್ಟೆ. ಸೊಪ್ಪು ತೂಗುಹಾಕುವ ಗಳಗಳು, ಸುತ್ತಲೂ ದಟ್ಟ ಕಪ್ಪು. ಬೆರಳಿಂದ ಒರೆಸಿ ಮೂಸಿದೆ. ನನ್ನ ಬ್ಯಾರನ್ನಿನ ಒಲೆಯ ಮಸಿ! ನನ್ನನ್ನು ಕೇಳದೆ ಕೆರೆದುಕೊಂಡಿದ್ದರು. ಇಂದು ಮಸಿ ಕೆರೆದವರು ನಾಳೆ ಗೋಡೆಯೇ ನಮ್ಮದು ಎನ್ನುವುದಿಲ್ಲವೆಂದು ಏನು ಖಾತರಿ?

ಆಮೇಲೆ ಸಂಗೀತ. ಪಿಟೀಲಿಗೆ ಮೈಸೂರಿನ ಹೆಣ್ಣುಮಗಳು, ತಮಟೆಗೆ ಕೋಟೆ ತಾಲ್ಲೂಕಿನ ಯುವಕ, ನಾಗಸ್ವರಕ್ಕೆ ನನ್ನ ಮದುವೆಯಲ್ಲಿ ವಾಲಗ ಊದಿದ್ದ ನಮ್ಮೂರ ಹಿರಿಯ. ಮೊದಲೇ ಏನೂ ಕಲಿತು ಬಂದಿಲ್ಲ, ಆ ಹೊತ್ತಿಗೆ ಹುಟ್ಟಿದ್ದನ್ನೇ ನುಡಿಸುತ್ತಾರೆ ಎಂದಳು ಮಗಳು. ನಾನು ನಂಬಲಿಲ್ಲ. ನುಡಿಸುವಾಗ ಒಬ್ಬರ ಕಣ್ಣು ಇನ್ನೊಬ್ಬರ ಮೇಲೇ ಇತ್ತು. ಒಳಗೊಳಗೆ ಮಾತಾಡಿಕೊಂಡು ಬಂದ ದಲ್ಲಾಳಿಗಳು ಸಂತೆಯಲ್ಲಿ ನೋಡುವುದೂ ಹಾಗೆಯೇ.

ಚಪ್ಪಾಳೆ ನಿಂತ ಮೇಲೆ ಎದ್ದು, ಇದನ್ನೇ ಇನ್ನೊಂದು ಸಲ ನುಡಿಸಿ ಎಂದೆ. ಮಗಳು ತಲೆ ತಗ್ಗಿಸಿದಳು.

ಹಿರಿಯ ನಾಗಸ್ವರ ಒರೆಸುತ್ತಾ, “ಅದೋಯ್ತು ಬುಡಿ ಯಜಮಾನ್ರೇ,” ಅಂದ. “ನಿಮ್ ಮದ್ವೇಲಿ ಊದಿದ್ನ ಬೇಕಾದ್ರೆ ಈಗ್ಲೂ ಅಂಗಂಗೇ ಊದ್ತೀನಿ. ಇದ್ನ ಕೇಳ್ಬ್ಯಾಡಿ.”

ಆದರೂ ನೋಡೋಣ ಎಂದು ಪಟ್ಟುಹಿಡಿದೆ. ಶುರುಮಾಡಿದರು. ತಮಟೆ ಹಳೇ ಜಾಡಿಗೇ ಇಳಿಯಿತು, ಪಿಟೀಲು ಹಿಂಬಾಲಿಸಿತು. ಅಷ್ಟರಲ್ಲಿ ಹಿರಿಯ ಉಸಿರು ತಡೆದು, ರಾಗವನ್ನು ಎಲ್ಲಿಗೋ ತಿರುಗಿಸಿಬಿಟ್ಟ. ಉಳಿದಿಬ್ಬರು ಬೆಚ್ಚಿ ಅವನತ್ತ ನೋಡಿದರು, ಜೊತೆಯ ಎತ್ತು ನೊಗ ಎಳೆದಾಗ ಇನ್ನೊಂದು ಕತ್ತು ಹೊರಳಿಸುವಂತೆ. ಆ ಬೆಚ್ಚುವಿಕೆಯನ್ನು ಕಲಿತು ಬರಲಾಗುವುದಿಲ್ಲ. ಮುಖ ಓದಿಯೇ ಅನ್ನ ತಿಂದವನು ನಾನು. ಕುಂಟಿರಲಿಲ್ಲ.

ಒಂದು ನಿಜವಾದರೆ ಎಲ್ಲವೂ ನಿಜವೇ? ಹೊರಗೆ ಬಂದು, ಹೆಂಚು ಜಾರಿದರೆ ಯಾರು ಹೊದಿಸುತ್ತಾರೆ, ಬೀಗದ ಕೈ ಯಾರ ಹತ್ತಿರ ಎಂದು ಮಗಳನ್ನು ಕೇಳುತ್ತಾ ಹೋದೆ. ಅವಳು ನನ್ನ ಹೆಗಲ ಟವಲ್ ಎಳೆದು ಇಬ್ಬರ ಕೈ ಮೇಲೂ ಹೊದಿಸಿದಳು. ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಟವಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಚಿಕ್ಕಂದಿನಲ್ಲಿ ಜೊತೆಗೆ ಬಂದು ನೋಡಿದ್ದಳು, ಮರೆತಿರಲಿಲ್ಲ. ನನ್ನ ಐದೂ ಬೆರಳು ಅದುಮಿದಳು.

“ಏನವ್ವ ಇದು?”

“ವರ್ಸ ಕಣಪ್ಪ, ಬ್ಯಾರನ್ ಕೆಡವ್ದೆ ಬುಡೋಕೆ. ನೀನೂ ಬೆರಳ್ ಇಡಿ, ಬಾಯಲ್ಲಿ ಹೇಳ್ಬ್ಯಾಡ.”

ನಾನು ಅವಳ ಒಂದು ಬೆರಳು ಹಿಡಿದೆ. ಅವಳು ನಾಲ್ಕಕ್ಕೆ ಬಂದಳು. ನಾನು ಒಂದಕ್ಕೇ ನಿಂತೆ. ಮೂರು ಹಿಡಿದಳು, ನಾನು ಕೈ ಬಿಡಿಸಿಕೊಳ್ಳುವಂತೆ ಮಾಡಿ ಎರಡು ಹಿಡಿದೆ. ಅವಳೂ ಎರಡನ್ನೇ ಅದುಮಿದಳು. ಹಾಗೆ ಒಪ್ಪಿದ ಮೇಲೆ ಹಿಂದೆ ಸರಿಯುವ ಪದ್ಧತಿ ನಮ್ಮಲ್ಲಿಲ್ಲ. ಬೆಳಿಗ್ಗೆ ಕೊಪ್ಪದವನಿಗೆ ಫೋನ್ ಮಾಡಿ, ಎರಡು ವರ್ಷ ಈ ಕಡೆ ತಲೆ ಹಾಕಬೇಡ ಎಂದೆ.

ಆದರೆ ಟವಲ್ ತೆಗೆದಾಗ ಅವಳ ತುಟಿಯ ಕೊನೆಯಲ್ಲಿ ನಗು ಕಂಡಿತ್ತು. ವ್ಯಾಪಾರ ಮುಗಿದ ಕೂಡಲೇ ನಗುವವರು ಬಯಸಿದ್ದನ್ನು ಪಡೆದವರು. ಮೊದಲಿನಿಂದಲೂ ಅವಳಿಗೆ ಎರಡೇ ಬೇಕಿತ್ತೇನೋ.